ಶಿವನಂಜಕ್ಕನ ಕುಂಡಗಳಿಗೆ ಹಿಟ್ಟು ತಿಗಣೆ ಬಿದ್ದ ವರ್ಷ

ನಮ್ಮ ಶಿವನಂಜಕ್ಕ ಕೂತು ಉಂಡಿದ್ದನ್ನು ಹದಿನೆಂಟು ವರ್ಷದಲ್ಲಿ ನಾನು ನೋಡಿಲ್ಲ. ಎಡಗೈಯಲ್ಲಿ ತಟ್ಟೆ ಹಿಡಿದು, ಮುದ್ದೆ ಮುರಿಯುತ್ತಲೇ ಜಗಲಿಗೆ ಹೋಗಿ, ಸಾರು ಮೆತ್ತಿದ ಕೈಯ ಕಿರುಬೆರಳಿನಿಂದ ಒಂದು ಗಿಡದ ಎಲೆ ತಿರುವಿ ನೋಡಿ, ಅಲ್ಲಿಂದ ನಮ್ಮ ಬಾಗಿಲಿಗೆ ಬಂದು "ಏನೇ ಸಾರು ಇವತ್ತು?" ಎಂದು ಕೇಳುವಷ್ಟರಲ್ಲಿ ತಟ್ಟೆ ಖಾಲಿಯಾಗಿರುತ್ತಿತ್ತು. ಅವಳನ್ನು ನೋಡಿ ನೋಡಿ ನನಗೇ ಆಯಾಸವಾಗುತ್ತಿತ್ತು. "ಒಂದ್ ಗಳ್ಗೆ ಕೂತ್ಕ ಅಕ್ಕ, ಕಾಲು ನೋಯಕಿಲ್ವಾ?" ಎಂದರೆ, "ಕೂತ್ರೇನೇ ನೋಯದು ಕಣೆ" ಅನ್ನುವಳು.

ಅವಳು ನನ್ನ ವಾರಗಿತ್ತಿ, ನನ್ನ ಗಂಡ ಸಿದ್ದರಾಮುವಿನ ಅಣ್ಣನ ಹೆಂಡತಿ. ಭಾವ ತೀರಿಕೊಂಡು ಆರು ವರ್ಷವಾಯಿತು. ಒಬ್ಬಳೇ ಮಗಳು ದೀಪಿಕಳನ್ನು ಮಳವಳ್ಳಿಗೆ ಕೊಟ್ಟಿದೆ. ಮದ್ದೂರಿನಿಂದ ಹೊರಟ ಬಸ್ಸು ಶಿವಪುರ ದಾಟಿ ಒಳಕ್ಕೆ ತಿರುಗಿದರೆ ನಮ್ಮೂರು. ಮನೆ ಪಾಲಾಗಿ ನಡುವೆ ಗೋಡೆ ಎದ್ದಿದೆ. ಹಿತ್ತಲಿನ ರೇಷ್ಮೆ ಹುಳುಮನೆ ಮಾತ್ರ ಪಾಲಾಗಲಿಲ್ಲ. ಎರಡು ಮನೆಯವರೂ ಕೂಡಿಯೇ ಹುಳು ಸಾಕುತ್ತೇವೆ. ಸತ್ಯ ಹೇಳಬೇಕೆಂದರೆ ಆ ಕೆಲಸದಲ್ಲಿ ನಾನು ಅವಳ ಕಾಲಿನ ಧೂಳಿಗೂ ಸಮವಲ್ಲ. ಹುಳು ಸೊಪ್ಪು ತಿನ್ನುವ ಸದ್ದು ಕೇಳಿಯೇ "ನಾಳೀಕೆ ಜ್ವರಕ್ಕೋಯ್ತವೆ" ಅನ್ನುವಳು. ಹುಳು ಮೇವು ಬಿಟ್ಟು ಮಲಗಿ ಪೊರೆ ಕಳಚುವುದನ್ನು ನಮ್ಮ ಕಡೆ ಜ್ವರ ಅನ್ನುತ್ತೇವೆ. ನಾಲ್ಕು ಜ್ವರ ದಾಟಿದ ಹುಳು ಒಂದು ವಾರ ಮುಕ್ಕಿ ತಿಂದು ಗೂಡು ಕಟ್ಟುತ್ತದೆ.

ಇದರ ಮೇಲೆ ಅವಳಿಗೆ ಗಿಡದ ಹುಚ್ಚು. ಮಂಡ್ಯದ ಛತ್ರಕ್ಕೆ ಮದುವೆಗೆ ಹೋಗಲಿ, ಮದ್ದೂರಿನ ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋಗಲಿ, ಬರುವಾಗ ಬ್ಯಾಗಿನಲ್ಲಿ ಒಂದು ಕಡ್ಡಿ ಇದ್ದೇ ಇರುತ್ತಿತ್ತು. ಕೇಳಿ ತಂದದ್ದು ಕಡಿಮೆ, ಮುರಿದು ತಂದದ್ದೇ ಹೆಚ್ಚು. ಪೇಂಟಿನ ಡಬ್ಬ, ತೂತು ಬಿದ್ದ ಕೊಡ, ಹಿಡಿ ಮುರಿದ ಕುಕ್ಕರು, ಎಲ್ಲದರಲ್ಲೂ ಒಂದೊಂದು ಗಿಡ. ಜಗಲಿ ತುಂಬಿ, ಕಿಟಕಿ ತುಂಬಿ, ಟೀವಿಯ ಪಕ್ಕದಲ್ಲೂ ಮನಿ ಪ್ಲಾಂಟು ಹಬ್ಬಿತ್ತು. ಗಂಡನಿಲ್ಲದ ಮನೆಗೆ ಅದೇ ಗದ್ದಲ ಎಂದು ನಾವೂ ಸುಮ್ಮನಿದ್ದೆವು.

ಹೋದ ವರ್ಷ ಬೇಸಗೆಯಲ್ಲಿ ಅವಳ ದಾಸವಾಳದ ಕುಡಿಯ ಮೇಲೆ ಯಾರೋ ಅಕ್ಕಿಹಿಟ್ಟು ಉದುರಿಸಿದಂತೆ ಕಂಡಿತು. ಮುಟ್ಟಿದರೆ ಅಂಟು. ಹಿಟ್ಟು ತಿಗಣೆ! ಹತ್ತು ದಿನದಲ್ಲಿ ಕ್ರೋಟನ್ನಿಗೆ ದಾಟಿತು, ಅಲ್ಲಿಂದ ಕಿಟಕಿಯ ಗಿಡಗಳಿಗೆ. ಅದರ ಅಂಟನ್ನು ನೆಕ್ಕಲು ಇರುವೆಗಳು ಸಾಲುಗಟ್ಟಿದವು. ಆ ಇರುವೆಗಳೇ ಮರಿ ತಿಗಣೆಗಳನ್ನು ಹೊತ್ತು ಇನ್ನೊಂದು ಗಿಡಕ್ಕೆ ಬಿಡುತ್ತವೆ ಎಂದು ಮೊಬೈಲಿನಲ್ಲಿ ನೋಡಿದೆ. ಹುಳುಮನೆಯ ಹಿಂದೆಯೇ ನಮ್ಮ ಹಿಪ್ಪುನೇರಳೆ ತೋಟ. ಈ ದರಿದ್ರದ್ದು ಅಲ್ಲಿಗೆ ಹೋಯಿತೆಂದರೆ ಕುಡಿ ಮುರುಟಿ ಸೊಪ್ಪು ಕೆಲಸಕ್ಕೆ ಬಾರದು. ಹಾಗಂತ ಔಷಧಿ ಹೊಡೆಯುವಂತೆಯೂ ಇಲ್ಲ. ರೇಷ್ಮೆ ಹುಳುವಿಗೆ ವಿಷದ ಗಾಳಿ ಸೋಕಿದರೂ ಸಾಕು. ನಮ್ಮ ಮನೆಯಲ್ಲಿ ಸೊಳ್ಳೆಬತ್ತಿ ಹಚ್ಚುವುದಿಲ್ಲ, ಎಲೆಅಡಿಕೆಗೆ ಹೊಗೆಸೊಪ್ಪು ಹಾಕುವವರನ್ನು ಹುಳುಮನೆ ಬಾಗಿಲಿಗೂ ಬಿಡುವುದಿಲ್ಲ.

ಅಕ್ಕ ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದಳು. ಸೋಪಿನ ನೀರಿಗೆ ಒಂದೆರಡು ತೊಟ್ಟು ಬೇವಿನೆಣ್ಣೆ ಬಿಟ್ಟು, ಒಂದೊಂದು ಎಲೆಯ ಅಡಿ, ಒಂದೊಂದು ಗೆಣ್ಣಿನ ಸಂದು ಉಜ್ಜಿದಳು. ಬೆಳಿಗ್ಗೆ ಉಜ್ಜಿದರೆ ನಾಲ್ಕನೇ ದಿನಕ್ಕೆ ಮತ್ತೆ ಬಿಳಿ. ಮೂರು ವಾರ ಇದೇ ಆಯಿತು. ಹುಳುಮನೆಗೆ ಹೋಗುವ ಮುಂಚೆ ಮೊಣಕೈವರೆಗೆ ಕೈ ತೊಳೆದು, ಸೀರೆ ಬದಲಿಸಿ ಹೋಗುತ್ತಿದ್ದಳು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆದರೂ ನನ್ನ ತಾಳ್ಮೆ ಕೆಟ್ಟಿತು.

"ಕಿತ್ತ್ ಬಿಸಾಕಕ್ಕ ಅತ್ಲಾಗೆ. ತ್ವಾಟುಕ್ಕೆ ಅಂಟ್ಕಂಡ್ರೆ ಏನ್ ಮಾಡನ?" ಎಂದೆ.

"ಇನ್ನೊಂದ್ ವಾರ ತಡಿಯೇ ವೀಣ. ಕಮ್ಮಿ ಆಯ್ತಾ ಅವೆ."

ಕಮ್ಮಿ ಏನೂ ಆಗಿರಲಿಲ್ಲ. ಅವಳಿಗೂ ಅದು ಗೊತ್ತಿತ್ತು.

ಅಷ್ಟರಲ್ಲಿ ದೀಪಿಕಳ ಮಗುವಿಗೆ ಮೈ ಬಿಸಿ ಎಂದು ಫೋನು ಬಂತು. ಅಕ್ಕ ಎರಡು ದಿನಕ್ಕೆಂದು ಮಳವಳ್ಳಿಗೆ ಹೋದಳು. ಹುಳು ಆಗ ನಾಲ್ಕನೇ ಜ್ವರದಲ್ಲಿ ಮಲಗಿದ್ದವು, ಸೊಪ್ಪು ಹಾಕುವ ಕೆಲಸವಿರಲಿಲ್ಲ. ಸಿದ್ದರಾಮುವೂ ಮನೆಯಲ್ಲಿರಲಿಲ್ಲ. ಇದೇ ಸಮಯ ಎಂದುಕೊಂಡೆ. ಅಂಗಡಿಯಿಂದ ಹೊಗೆಸೊಪ್ಪು ತಂದು, ಹಿತ್ತಲ ಮೂಲೆಯಲ್ಲಿ ಕುದಿಸಿ, ಒಂದು ಗೋಣಿತಾಟಿನ ತುಂಡಿನಲ್ಲಿ ಸೋಸಿ, ಅವಳ ಗಿಡಗಳಿಗೆಲ್ಲ ಎರಚಿದೆ. ನಾನೇನು ಹುಚ್ಚಿಯಲ್ಲ, ಹೊಗೆಸೊಪ್ಪು ಏನೆಂದು ಗೊತ್ತು. ತಲೆಗೆ ಸ್ನಾನ ಮಾಡಿದೆ, ಉಟ್ಟ ಸೀರೆ ನೆನೆಹಾಕಿದೆ, ಪಾತ್ರೆಯನ್ನು ಬೂದಿ ಹಾಕಿ ತಿಕ್ಕಿದೆ, ಮಾರನೇ ದಿನ ಗಿಡಗಳಿಗೆಲ್ಲ ಕೊಡಗಟ್ಟಲೆ ನೀರು ಸುರಿದು ತೊಳೆದೆ. ಗೋಣಿತಾಟನ್ನೂ ಜಾಲಿಸಿ ಹಿಂಡಿ ತಂತಿಯ ಮೇಲೆ ಒಣಹಾಕಿದೆ. ಆಮೇಲೆ ಅದನ್ನು ಮರೆತೇ ಬಿಟ್ಟೆ.

ಅಕ್ಕ ಬಂದವಳೇ ಗಿಡಗಳ ಹತ್ತಿರ ಓಡಿದಳು. ತಿಗಣೆಗಳೆಲ್ಲ ಒಣಗಿ ಕಂದು ಬಣ್ಣಕ್ಕೆ ತಿರುಗಿದ್ದವು. "ವೀಣಾ! ಬಾ ಇಲ್ಲಿ! ನೋಡೇ, ಎಲ್ಲಾ ಸತ್ತೋಗವೆ! ನಾ ಏಳ್ಲಿಲ್ವಾ?" ಎಂದು ಚಪ್ಪಾಳೆ ತಟ್ಟಿದಳು. "ಊಂ ಕಣಕ್ಕ, ನಿನ್ ಕೈ ಗುಣ" ಎಂದೆ. ಅವಳ ಮುಖ ನೋಡಿ ನನಗೂ ಖುಷಿಯಾಯಿತು. ಒಳ್ಳೆಯದನ್ನೇ ಮಾಡಿದೆ ಎಂದುಕೊಂಡೆ.

ಆ ದಿನ ಹುಳು ಜ್ವರದಿಂದ ಎದ್ದವು. ನಾನು ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದೆ. ಅಕ್ಕ ಮಳವಳ್ಳಿಯಿಂದ ಬಂದ ದಣಿವೂ ಇಲ್ಲದೆ, ಕೊಯ್ದ ಸೊಪ್ಪನ್ನು ಒಳಗೆ ರಾಶಿ ಹಾಕಿ, ಬಾಡದಿರಲೆಂದು ತಂತಿಯ ಮೇಲಿದ್ದ ಗೋಣಿತಾಟನ್ನು ಒದ್ದೆ ಮಾಡಿ ಅದರ ಮೇಲೆ ಹೊದಿಸಿದಳು. ನಾವು ದಿನಾ ಮಾಡುವುದೇ ಹಾಗೆ. ಆಮೇಲೆ ಅದೇ ಸೊಪ್ಪನ್ನು ಹುಳುವಿನ ತಟ್ಟೆಗಳಿಗೆ ಹಾಕಿದಳು.

ಸಂಜೆಗೆ ಹುಳು ತಲೆ ಎತ್ತಿ ಆಡಿಸತೊಡಗಿದವು. ಬಾಯಿಂದ ಹಸಿರು ನೀರು. ಒಂದು ತಟ್ಟೆ, ಎರಡು ತಟ್ಟೆ, ಇಡೀ ಸ್ಟ್ಯಾಂಡು. ನಾನು ಓಡಿಹೋಗಿ ಸೊಪ್ಪಿನ ರಾಶಿ ನೋಡಿದೆ. ತಾಟಿನ ತುಂಡು ಕಂಡಿತು. ಯಾರಿಗೂ ಕಾಣದಂತೆ ಎಳೆದು ನೀರೊಲೆಗೆ ತುರುಕಿದೆ.

ರೇಷ್ಮೆ ವಿಚಾರ ತಿಳಿದವರೊಬ್ಬರು ಬಂದು ನೋಡಿದರು. "ವಿಷ ತಗುಲಿದೆ. ಹತ್ತಿರದಲ್ಲಿ ಯಾರಾದರೂ ಔಷಧಿ ಮುಟ್ಟಿದ್ರಾ?" ಎಂದರು. ಸಿದ್ದರಾಮು ನನ್ನ ಕಡೆ ನೋಡಿದ. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಮುಂದೆ ಬಂದಳು.

"ನಾನು ಸ್ವಾಮಿ. ಪಾಟಿನ್ ಗಿಡಕ್ಕೆ ಬೇವಿನೆಣ್ಣೆ ಉಜ್ತಿದ್ದೆ. ಕೈ ತೊಳ್ಕತಿದ್ದೆ... ಸರ್ಯಾಗ್ ತೊಳ್ಕಳ್ನಿಲ್ವೇನೋ."

ಬಾಯಿ ತೆರೆಯುವ ಮೊದಲೇ ಎಂದು ಬರೆದೆ. ಅದೂ ಸುಳ್ಳು. ನಾನು ಬಾಯಿ ತೆರೆಯುವವಳೇ ಇರಲಿಲ್ಲ. ಅವಳು ಒಪ್ಪಿಕೊಂಡಾಗ ನನ್ನ ಹೊಟ್ಟೆಯೊಳಗೆ ಏನೋ ತಣ್ಣಗಾಯಿತು. ಆ ತಣ್ಣನೆಯದನ್ನು ನೆನೆದರೆ ಈಗ ನನಗೆ ಹೇಸಿಗೆಯಾಗುತ್ತದೆ.

ಸತ್ತ ಹುಳುಗಳನ್ನು ಗುಂಡಿ ತೋಡಿ ಮುಚ್ಚಿದೆವು. ಮಾರನೇ ಬೆಳಿಗ್ಗೆ ಅಕ್ಕ ಮೂವತ್ತೆರಡು ಗಿಡಗಳನ್ನೂ ಬೇರುಸಹಿತ ಕಿತ್ತು ರಾಶಿ ಹಾಕಿ ಸುಟ್ಟಳು. ಯಾರೂ ಕೇಳಿರಲಿಲ್ಲ. ಸಿದ್ದರಾಮುವೇ "ಬುಡು ಅತ್ತಿಗೆ, ಆಗಿದ್ದಾಯ್ತು" ಎಂದರೂ ನಿಲ್ಲಲಿಲ್ಲ. ಖಾಲಿ ಡಬ್ಬಗಳನ್ನು ಒಂದರೊಳಗೊಂದು ಇಟ್ಟು ಅಟ್ಟಕ್ಕೆ ಹಾಕಿದಳು.

ಆಮೇಲಿನ ಅವಳ ತಿರುಗಾಟ ಬೇರೆಯೇ. ಮೊದಲು ಕೆಲಸಕ್ಕಾಗಿ ಓಡಾಡುತ್ತಿದ್ದವಳು ಈಗ ಕೆಲಸವಿಲ್ಲದೆ ಓಡಾಡಿದಳು. ಜಗಲಿಯಿಂದ ಹಿತ್ತಲಿಗೆ, ಹಿತ್ತಲಿಂದ ಜಗಲಿಗೆ. ಗಂಟೆಗೊಂದು ಸಲ ಕೈ ತೊಳೆದು ಮೂಸಿ ನೋಡುತ್ತಿದ್ದಳು. ಒಂದು ದಿನ ಮದ್ದೂರಿಗೆ ಬಸ್ಸಿನಲ್ಲಿ ಹೋಗಿ, ಸ್ಟ್ಯಾಂಡಿನಲ್ಲಿ ಇಳಿದು, ಅದೇ ಬಸ್ಸಿನಲ್ಲಿ ವಾಪಸು ಬಂದಳು ಎಂದು ಊರಿನವರು ಹೇಳಿದರು. ನಾನು ಗೋಡೆಯ ಈ ಕಡೆ ಅವಳ ಹೆಜ್ಜೆ ಕೇಳುತ್ತ ಪಾತ್ರೆ ತೊಳೆಯುತ್ತಿದ್ದೆ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ. ಸಿದ್ದರಾಮುವಿಗೆ ತಿಳಿದರೆ? ಊರು ಏನೆಂದೀತು? ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದೆ. ಅವಳು ನಮ್ಮ ಬಾಗಿಲಿಗೆ ಬಂದು ಸಾರು ಏನೆಂದು ಕೇಳುವುದನ್ನು ಬಿಟ್ಟಿದ್ದಳು.

ಹೊಸ ಹುಳು ತಂದೆವು. ಅಕ್ಕ ಹುಳುಮನೆಗೆ ಕಾಲಿಡಲಿಲ್ಲ. ಮೂರನೇ ಜ್ವರದ ಹೊತ್ತಿಗೆ ನನಗೆ ದಿಕ್ಕು ತೋಚಲಿಲ್ಲ. ಕೆಲವು ಮಲಗಿವೆ, ಕೆಲವು ತಿನ್ನುತ್ತಿವೆ, ಸೊಪ್ಪು ಹಾಕಬೇಕೋ ನಿಲ್ಲಿಸಬೇಕೋ. ಅವಳ ಜಗಲಿಗೆ ಹೋಗಿ, "ಒಂದ್ಸಲ ಬಂದು ನೋಡಕ್ಕ" ಎಂದೆ.

ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. "ನಾ ಬರಕಿಲ್ಲ ಬುಡು. ನನ್ ಕೈ ಒಳ್ಳೇದಲ್ಲ."

ನನಗೆ ತಡೆಯಲಾಗಲಿಲ್ಲ. ಅಲ್ಲೇ ಎಲ್ಲ ಹೇಳಿಬಿಟ್ಟೆ. ಹೊಗೆಸೊಪ್ಪು, ಗೋಣಿತಾಟು, ನೀರೊಲೆ, ಯಾವುದನ್ನೂ ಬಿಡಲಿಲ್ಲ. ಅವಳು ಬೈಯಲಿ, ಹೊಡೆಯಲಿ ಎಂದು ಕಾದೆ.

ಶಿವನಂಜಕ್ಕ ಕೂತುಕೊಂಡಳು. ಜಗಲಿಯ ಅಂಚಿನಲ್ಲಿ, ಕಾಲು ಇಳಿಬಿಟ್ಟು, ಬಹಳ ಹೊತ್ತು ಕೂತಳು. ಕೈಗಳನ್ನು ಸೆರಗಿನಿಂದ ಹೊರತೆಗೆದು ತಿರುವಿ ತಿರುವಿ ನೋಡಿದಳು.

"ಎಪ್ಪತ್ತೊಂದ್ ದಿನ ಕಣೆ ವೀಣ" ಎಂದಳು ಕೊನೆಗೆ. "ಮೊಮ್ಮಗೀನೂ ಮುಟ್ನಿಲ್ಲ ನಾನು. ದೀಪಿಕ ಎತ್ಕಂಡ್ ಬಂದಿದ್ಲು, ದೂರದಿಂದ್ಲೇ ನೋಡಿ ಕಳಿಸ್ದೆ. ನೀನೂ ಅಲ್ಲೇ ನಿಂತಿದ್ದೆ. ನೋಡ್ದೆ ಅಲ್ವಾ?"

ನೋಡಿದ್ದೆ. ಆ ದಿನ ಮಗುವನ್ನು ಎತ್ತಿಕೊಂಡು ಆಡಿಸಿದ್ದು ನಾನೇ.

ಅವಳು ಎದ್ದು ಹುಳುಮನೆಗೆ ಹೋದಳು. ಸೊಪ್ಪು ಬಿಡಿಸುವ ಸದ್ದು ಕೇಳಿಸಿತು. ನಾನು ಬಾಗಿಲ ಹೊರಗೆ ನಿಂತೆ. ಒಳಗೆ ಬಾ ಎಂದು ಅವಳು ಕರೆಯಲಿಲ್ಲ. ಅದಾದ ಮೇಲೆ ಮೂರು ಬೆಳೆ ಗೂಡು ಬಂದಿವೆ, ಇನ್ನೂ ಕರೆದಿಲ್ಲ.