ದಾಕ್ಷಾಯಿಣಮ್ಮ ಸರಿಸಿದ ಹಲಸಿನ ಮರ

ಹಿರೇಕೊಡಿಗೆಯ ದಾಕ್ಷಾಯಿಣಮ್ಮ ಅಂಗಡಿಯ ಬಣ್ಣ ಮುಟ್ಟುವವರಲ್ಲ. ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪು ಚೊಗರನ್ನು ಮನೆಮನೆಯಿಂದ ಬಾಟಲಿಯಲ್ಲಿ ತಂದು, ಅದರಲ್ಲೇ ಗುಡ್ಡ, ಗದ್ದೆ, ಹಳ್ಳ ಎಲ್ಲ ಬರೆಯುತ್ತಾರೆ. ಮೊದಮೊದಲು ಊರು ನಕ್ಕಿತು. ಕೊಪ್ಪದಲ್ಲಿ ಚಿತ್ರಗಳ ಪ್ರದರ್ಶನವಾಗಿ ಪೇಪರಿನಲ್ಲಿ ಫೋಟೋ ಬಂದದ್ದೇ, ಚೊಗರು ಕೊಟ್ಟವರೆಲ್ಲ ಚಿತ್ರದಲ್ಲಿ ತಮಗೂ ಪಾಲಿದೆ ಎಂಬಂತೆ ಓಡಾಡಿದರು.

ಎಡವಟ್ಟಾದದ್ದೂ ಆ ಪ್ರದರ್ಶನದಲ್ಲೇ. ಮೈಕ್ ಸಿಕ್ಕಿದರೆ ಯಾರ ನಾಲಗೆ ತಾನೇ ಸುಮ್ಮನಿರುತ್ತದೆ? "ನಾನು ಕಂಡದ್ದನ್ನು ಕಂಡ ಹಾಗೇ ಬರೆಯುವವಳು. ಒಂದು ಕಡ್ಡಿಯನ್ನೂ ಆಚೀಚೆ ಮಾಡುವುದಿಲ್ಲ" ಎಂದುಬಿಟ್ಟರು. ಚಪ್ಪಾಳೆ ಬಿತ್ತು. ಪಕ್ಕದ ತೋಟದ ಯಜ್ಞೇಶಣ್ಣ ಮಾತ್ರ ಗೋಡೆಯ ಮೇಲಿನ ಒಂದು ಚಿತ್ರವನ್ನೇ ನೋಡುತ್ತಾ ನಿಂತಿದ್ದ. ಸೊಪ್ಪಿಗೂ ಚೌಕಾಸಿ ಮಾಡುವ ಮನುಷ್ಯ, ಹೇಳಿದ ಬೆಲೆ ಕೊಟ್ಟು ಅದನ್ನು ಕೊಂಡುಕೊಂಡ. ದಾಕ್ಷಾಯಿಣಮ್ಮ ಹಿಗ್ಗಿ ಹೀರೆಕಾಯಿಯಾದರು.

ವಾರ ಕಳೆಯುವುದರೊಳಗೆ ಹಿಗ್ಗು ಇಳಿಯಿತು. ಯಜ್ಞೇಶಣ್ಣನ ತೋಟಕ್ಕೂ ಆಚೆಯ ರಂಗಪ್ಪನ ತೋಟಕ್ಕೂ ನಡುವಿನ ಬೇಲಿ ಹೋದ ಮಳೆಗಾಲದಲ್ಲಿ ಕೊಚ್ಚಿಹೋಗಿತ್ತು. ಹೊಸ ತಂತಿ ಎಳೆಯುವಾಗ ಅಂಚಿನ ಹಲಸಿನ ಮರ ಯಾರ ಪಾಲಿಗೆ ಎಂಬ ತಕರಾರು ಎದ್ದಿತು. ಯಜ್ಞೇಶಣ್ಣ ಊರಿನ ನಾಲ್ಕು ಜನರನ್ನೂ ದಾಕ್ಷಾಯಿಣಮ್ಮನನ್ನೂ ತೋಟದ ಅಂಚಿಗೆ ಕರೆಸಿ, ಟವೆಲಿನಲ್ಲಿ ಸುತ್ತಿ ತಂದಿದ್ದ ಚಿತ್ರವನ್ನು ಬಿಚ್ಚಿದ.

"ಬೇಲಿ ಬೀಳೋ ಮೊದಲೇ ಬರೆದದ್ದು ಇದು. ಮರ ಯಾರ ಕಡೆ ಉಂಟು, ನೀವೇ ನೋಡಿ. ಕಡ್ಡಿ ಸಹ ಆಚೀಚೆ ಮಾಡಲ್ಲ ಅಂತ ಬರೆದವಳೇ ಹೇಳಿದಾಳೆ."

ಮರ ಯಜ್ಞೇಶಣ್ಣನ ಕಡೆ, ಕಾಯಿ ಸಮೇತ ನಿಂತಿತ್ತು. ರಂಗಪ್ಪನ ಮುಖ ಬಾಡಿತು. "ಅಪ್ಪ ನೆಟ್ಟ ಮರ ಕಣಮ್ಮ" ಎಂದ, ಅಷ್ಟೇ.

ನಿಜವೇನೆಂದರೆ, ಬರೆಯುವಾಗ ಚಿತ್ರದ ಬಲಮೂಲೆ ಬರಿದಾಗಿ ಕಂಡಿತ್ತು. ದಾಕ್ಷಾಯಿಣಮ್ಮ ಮರವನ್ನು ಎತ್ತಿ ಬೇಲಿ ದಾಟಿಸಿದ್ದರು. ಈಗ ಬಾಯಿ ಬಿಟ್ಟರೆ ಕೊಪ್ಪದಲ್ಲಿ ಗಳಿಸಿದ ಮಾನ ಹೋಗುತ್ತದೆ, ಬಿಡದಿದ್ದರೆ ರಂಗಪ್ಪನ ಮರ ಹೋಗುತ್ತದೆ. ಚಪ್ಪಾಳೆಯ ಸದ್ದು ಕಿವಿಯಲ್ಲಿನ್ನೂ ಆರಿರಲಿಲ್ಲ. ಹಾಳಾದ ಮೈಕ್ ಎಂದು ಮನಸ್ಸಿನಲ್ಲೇ ಶಪಿಸಿದರು.

"ಮರ ರಂಗಪ್ಪನ ಕಡೆಗೇ ಇದ್ದದ್ದು, ಯಜ್ಞೇಶಣ್ಣ. ಮೂಲೆ ಖಾಲಿ ಕಂಡಿತು ಅಂತ ಈಚೆ ತಂದು ನಿಲ್ಲಿಸಿದೆ."

"ಕಡ್ಡಿ ಸಹ ಅಂದಿದ್ದೆಯಲ್ಲ ಮಾರಾಯ್ತಿ?"

"ಕಡ್ಡಿ ಸರಿಸಿಲ್ಲ. ಮರ ಸರಿಸಿದ್ದು."

ನಾಲ್ಕು ಜನರೂ ಹೊಟ್ಟೆ ಹಿಡಿದು ನಕ್ಕರು. ದಾಕ್ಷಾಯಿಣಮ್ಮನಿಗೆ ನಾಚಿಕೆಯಿಂದ ಭೂಮಿಗಿಳಿದುಹೋದಂತಾಯಿತು. ಯಜ್ಞೇಶಣ್ಣ ನಗಲಿಲ್ಲ. ಚಿತ್ರದಲ್ಲಿ ಅವನ ತೋಟದ ಅಡಿಕೆ ಮರಗಳು ತಲೆತುಂಬ ಸೋಗೆ ಹೊತ್ತು ನಿಂತಿದ್ದವು. ಕಣ್ಣೆದುರಿಗಿದ್ದ ಅವನ ನಿಜವಾದ ತೋಟದಲ್ಲಿ ಹಳದಿ ಎಲೆ ರೋಗ ತಗುಲಿ ಅರ್ಧಕ್ಕರ್ಧ ಮರಗಳ ಮಂಡೆ ಬೋಳಾಗಿತ್ತು.

"ಹಂಗಾರೆ ಈ ತೋಟ?" ಎಂದ ತಗ್ಗಿದ ದನಿಯಲ್ಲಿ.

ದಾಕ್ಷಾಯಿಣಮ್ಮನಿಗೆ ಮರದ ವಿಷಯ ಒಪ್ಪಿಕೊಂಡದ್ದಕ್ಕಿಂತ ಇದು ಕಷ್ಟವಾಯಿತು. "ಬೋಳು ಮರ ಬರೆಯೋಕೆ ಮನಸ್ಸು ಬರಲಿಲ್ಲ ಅಣ್ಣ. ಸೋಗೆ ತುಂಬಿಸಿದೆ. ಕೊಡಿ, ಇದ್ದ ಹಾಗೇ ಇನ್ನೊಂದು ಬರೆದುಕೊಡ್ತೇನೆ."

ಯಜ್ಞೇಶಣ್ಣ ಚಿತ್ರವನ್ನು ಮತ್ತೆ ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡ.

"ಮರ ಅವನಿಗೇ ಇರ್ಲಿ" ಎಂದ. "ತೋಟ ಮಾತ್ರ ಮುಟ್ಟಬೇಡ."