ಸುಧಾಳ ಎಡಗಿವಿಗೆ ಕೇಳಿಸಿದ್ದು

ಕಿವಿಗೆ ಕೇಳಿಸುವುದೆಲ್ಲ ಅಳತೆಗೂ ಸಿಗಲೇಬೇಕು ಎಂದು ನಂಬಿದ್ದವನು ನಾನು. ಹಳೆಯ ಸ್ಪೀಕರುಗಳಿಗೆ ಜೀವವಿದೆ ಎಂದು ಯಾರಾದರೂ ಹೇಳಿದರೆ ಅವರೆದುರೇ ನಕ್ಕುಬಿಡುತ್ತಿದ್ದೆ. ಇದನ್ನು ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ.

ಸಿ.ವಿ. ರಾಮನ್ ನಗರದ ನಮ್ಮ ಮನೆಯಲ್ಲಿ ಭಾನುವಾರವೆಂದರೆ ಹಾಡು ಕೇಳುವ ದಿನವಾಗಿತ್ತು. ನಾನು, ನನ್ನ ಹೆಂಡತಿ ಸುಧಾ ಒಂದೇ ಸೋಫಾದಲ್ಲಿ ಕೂತು, ಎರಡು ಸ್ಪೀಕರುಗಳ ನಡುವೆ ಹಾಡುಗಾರ್ತಿ ಎಲ್ಲಿ ಕೂತಿದ್ದಾಳೆ, ತಬಲಾ ಅವಳಿಂದ ಎಷ್ಟು ದೂರ ಎಂದು ಜಗಳವಾಡುತ್ತಿದ್ದೆವು. ಹೀಗಿರುವಾಗ ಒಂದು ಬೆಳಿಗ್ಗೆ ಎದ್ದರೆ ಅವಳ ಎಡಗಿವಿ ಪೂರ್ತಿ ಕೇಳಿಸದಾಗಿತ್ತು. ಯಾವ ಔಷಧಿಗೂ ಬಗ್ಗಲಿಲ್ಲ. "ನನಗೀಗ ಎಲ್ಲಾ ಒಂದ ಕಡೆಯಿಂದ ಬರತೈತ್ರಿ. ನೀವ ಕೇಳ್ರಿ" ಎಂದು ಹುಬ್ಬಳ್ಳಿ ಮಾತಿನಲ್ಲಿ ಹೇಳಿ ಸೋಫಾ ಬಿಟ್ಟು ಎದ್ದವಳು ಮತ್ತೆ ಬಂದು ಕೂರಲಿಲ್ಲ. ಇನ್ನೂ ಒಳ್ಳೆಯ ಸ್ಪೀಕರ್ ತಂದರೆ ಬಂದಾಳೇನೋ ಎಂದು ನಾನು ಒಂದಾದ ಮೇಲೊಂದು ಬದಲಿಸುತ್ತಲೇ ಇದ್ದೆ.

ಫ್ರೇಜರ್ ಟೌನಿನ ಅನ್ವರ್ ಸಾಹೇಬರ ಮನೆಗೆ ಹೋದದ್ದೂ ಅದಕ್ಕೇ. ಹಳೆಯ ಆಂಪ್ಲಿಫೈಯರುಗಳ ರಿಪೇರಿಯಲ್ಲಿ ಅವರದು ಎತ್ತಿದ ಕೈ. ತಮ್ಮ ತಂದೆಯ ಕಾಲದ ದೊಡ್ಡ ಮರದ ಸ್ಪೀಕರುಗಳನ್ನು ಅವರು ಮಾರುವವರಿದ್ದರು. ಹತ್ತಿರದಲ್ಲೇ ಬ್ಲೌಸ್ ಹೊಲಿಯಲು ಕೊಡುವುದಿದ್ದರಿಂದ ಸುಧಾಳೂ ಬಂದಿದ್ದಳು. ಮಧ್ಯಾಹ್ನ ಮೂರರ ಹೊತ್ತು.

"ನಾನು ಹುಟ್ಟೋಕ್ ಮುಂಚೆ ಅಬ್ಬಾ ಇದೇ ಹಾಲಲ್ಲಿ ರೆಕಾರ್ಡ್ ಮಾಡಿದ್ದು. ಕೇಳಿ" ಎನ್ನುತ್ತ ಸಾಹೇಬರು ಒಂದು ಸ್ಪೂಲ್ ಟೇಪ್ ಹಾಕಿದರು. ಮನೆಗೆ ಬಂದಿದ್ದ ಅತಿಥಿಯೊಬ್ಬರು ನುಡಿಸಿದ ಸಿತಾರ್. ಸುಧಾ ಬಲಗಿವಿಯನ್ನು ಅಂಗೈಯಲ್ಲಿ ಒತ್ತಿ ಮುಚ್ಚಿಕೊಂಡು ಕೂತಿದ್ದಳು. ಕೇಳಲು ಮನಸ್ಸಿಲ್ಲದಾಗ ಅವಳು ಹಾಗೆಯೇ ಕೂರುವುದು. ಅಂದರೆ ಆಗ ಅವಳಿಗೆ ಏನೂ ಕೇಳಿಸುವಂತಿರಲಿಲ್ಲ.

ಇದ್ದಕ್ಕಿದ್ದಂತೆ ಎಡಕ್ಕೆ ತಿರುಗಿದಳು. "ಯಾರೋ ಹೆಣ್ಮಗಳು ಕೆಮ್ಮಿದ್ಲಲ್ರಿ! 'ಬಿಲ್ಲಿ, ಪಾನಿ' ಅಂದ್ಲು. ಬೆಕ್ಕಿಗೆ ನೀರಿಡ್ರಿ ಅಂದಂಗಾತು."

ನಮ್ಮಿಬ್ಬರಿಗೂ ಅದು ಕೇಳಿಸಿರಲಿಲ್ಲ. ಮೂರು ಸಲ ಹಿಂದೆ ತಿರುಗಿಸಿ ಹಾಕಿದೆವು. ಸಿತಾರ್ ಬಿಟ್ಟರೆ ಇನ್ನೇನೂ ಇಲ್ಲ. ಸುಧಾಳಿಗೂ ಮತ್ತೆ ಕೇಳಿಸಲಿಲ್ಲ. "ನಮ್ಮನೇಲಿ ಬೆಕ್ಕೇ ಸಾಕಿಲ್ಲ ಮೇಡಂ" ಎಂದು ಸಾಹೇಬರು ನಕ್ಕರು. ಆದರೂ ಏನನ್ನಿಸಿತೋ, ಶಿವಾಜಿನಗರದಲ್ಲಿರುವ ತಮ್ಮ ಫುಪ್ಪಿಗೆ, ಅಂದರೆ ಸೋದರತ್ತೆಗೆ, ಫೋನ್ ಮಾಡಿದರು. ರೆಕಾರ್ಡ್ ಮಾಡಿದ ದಿನ ಆ ಹಾಲಿನಲ್ಲಿದ್ದವರ ಪೈಕಿ ಈಗ ಉಳಿದಿರುವುದು ಅವರೊಬ್ಬರೇ. ನಡೆದದ್ದನ್ನು ಸಾಹೇಬರು ತಮಾಷೆಯಾಗಿಯೇ ಹೇಳಿದರು. ಫುಪ್ಪಿ ದಖನಿ ಉರ್ದುವಿನಲ್ಲಿ ಹೇಳಿದ್ದನ್ನು ಸಾಹೇಬರು ಫೋನ್ ಇಟ್ಟ ಮೇಲೆ ನಮಗೆ ಕನ್ನಡದಲ್ಲಿ ತಿಳಿಸಿದರು.

"ಚಿಕ್ಕೋರಿದ್ದಾಗ ಫುಪ್ಪಿ ಕಣ್ಣು ಬೆಕ್ಕಿನ ಕಣ್ಣಿನ ಥರ ಇತ್ತಂತೆ. ನಮ್ಮ ದಾದಿ, ಅಂದ್ರೆ ಅಬ್ಬಾನ ಅಮ್ಮ, ಅವರನ್ನ ಬಿಲ್ಲಿ ಅಂತ ಕರೀತಿದ್ರಂತೆ. ದಾದಿ ಹೋದ್ಮೇಲೆ ಆ ಹೆಸರು ಯಾರೂ ಕರೆದಿಲ್ಲ. ನನಗೇ ಗೊತ್ತಿರಲಿಲ್ಲ."

ಆ ವಾರವೇ ಸುಧಾಳ ಕಿವಿ ಪರೀಕ್ಷೆ ಮಾಡಿಸಿದೆ. ಎಡಗಿವಿ ಮೊದಲಿನಂತೆಯೇ ಇತ್ತು. ಟೇಪನ್ನು ಕಂಪ್ಯೂಟರಿಗೆ ಹಾಕಿ ಇಂಚಿಂಚೂ ಜಾಲಾಡಿದೆ. ಕೆಮ್ಮಿನ ಸುಳಿವೂ ಇಲ್ಲ. ಸ್ಪೀಕರುಗಳ ಜೊತೆಗೆ ಟೇಪು, ಅದನ್ನು ನುಡಿಸುವ ಯಂತ್ರ ಎರಡನ್ನೂ ಸಾಹೇಬರು ನಮಗೇ ಕೊಟ್ಟುಬಿಟ್ಟಿದ್ದರು. "ಕೇಳೋ ಕಿವಿ ನಿಮ್ಮನೇಲಿದೆ, ನಾನಿಟ್ಕೊಂಡು ಏನ್ ಮಾಡ್ಲಿ?" ಎಂದರು.

ಇದಾಗಿ ಕೆಲವು ವರ್ಷಗಳಾದವು. ಅದು ಹೇಗೆ ಸಾಧ್ಯವಾಯಿತೋ ನನಗೆ ಇಂದಿಗೂ ಬಗೆಹರಿದಿಲ್ಲ. ಫುಪ್ಪಿ ಆಗಾಗ ಆಟೋ ಹಿಡಿದು ನಮ್ಮ ಮನೆಗೆ ಬರುತ್ತಾರೆ. ಸುಧಾಳ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಳ್ಳುತ್ತಾರೆ. ಟೇಪು ಮುಗಿಯುವವರೆಗೂ ಸ್ಪೀಕರಿನ ಕಡೆ ತಿರುಗುವುದೇ ಇಲ್ಲ, ಅವಳ ಮುಖವನ್ನೇ ನೋಡುತ್ತಿರುತ್ತಾರೆ.

"ಇವತ್ತೂ ಇಲ್ರಿ, ಫುಪ್ಪಿ" ಎನ್ನುತ್ತಾಳೆ ಸುಧಾ.

"ಪರ್ವಾಗಿಲ್ಲ ಬೇಟಿ. ಇನ್ನೊಂದ್ಸಲ ಹಾಕಕ್ಕೆ ಹೇಳು."

ನಾನು ಎದ್ದು ಟೇಪನ್ನು ಹಿಂದಕ್ಕೆ ಸುತ್ತುತ್ತೇನೆ.