ಸಾಲಿನ ಕೊನೆಯಲ್ಲಿ ನಡೆಯುವ ಮೆರೆಯಾನ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ತರರುವಾ ಬೆಟ್ಟಸಾಲಿನ ತಂಗುಮನೆಯ ತಗಡಿನ ಮಾಡಿಗೆ ಮಳೆ ಕಲ್ಲೆಸೆದಂತೆ ಬಡಿಯುತ್ತಿದೆ. ಒಳಗೆ ಮೆರೆಯಾನ ಹಾಪುಕು ಎಂಬ ಮಹಿಳೆ ಒಲೆಯ ಮೇಲಿನ ಹಗ್ಗಕ್ಕೆ ನೇತುಹಾಕಿದ ಕಾಲುಚೀಲಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದಾರೆ. ಒಣಗದ್ದನ್ನು ಬೆಂಕಿಯ ಹತ್ತಿರಕ್ಕೆ ಸರಿಸುತ್ತಾರೆ. "ಕಾಲು ಬೆಚ್ಚಗಿದ್ರೆ ಮನುಷ್ಯ ಅರ್ಧ ಜಗಳ ಬಿಡ್ತಾನೆ," ಎನ್ನುತ್ತಾರೆ.

ವಾರಾಂತ್ಯದ ಚಾರಣ ಸಂಘದಲ್ಲಿ ಅವರದು ಸಾಲಿನ ಕೊನೆಯಲ್ಲಿ ನಡೆಯುವ ಕೆಲಸ. ಮುಂದಾಳು ದಾರಿ ತೋರಿಸುತ್ತಾನೆ, ಫೋಟೋದಲ್ಲೂ ಇರುತ್ತಾನೆ. ಇವರು ಬಿದ್ದ ಕೈಗವಸು ಹೆಕ್ಕುತ್ತಾರೆ, ಗುಳ್ಳೆ ಎದ್ದ ಪಾದಕ್ಕೆ ಪಟ್ಟಿ ಕಟ್ಟುತ್ತಾರೆ, ಯಾರೂ ಹಿಂದೆ ಉಳಿಯದಂತೆ ನೋಡಿಕೊಳ್ಳುತ್ತಾರೆ. ತಾವು ದುಡಿಯುತ್ತಿದ್ದ ಊರಿನ ಮಾಂಸದ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಹಿಡಿದ ಕೆಲಸವಿದು. ವಾರದ ದಿನಗಳಲ್ಲಿ ಶಾಲೆಯ ಬಸ್ಸು ತೊಳೆಯುತ್ತಾರೆ. ವಯಸ್ಸು ಅರವತ್ತರ ಹತ್ತಿರ, ಎಡಮಂಡಿ ಸವೆದಿದೆ.

"ಚಿಕ್ಕವಳಿದ್ದಾಗ ಒಂದು ಗುಂಪಿನ ಜೊತೆ ಹೋಗಿ ಹಿಂದೆ ಬಿದ್ದೆ. ನಾನು ಏದುಸಿರು ಬಿಡ್ತಾ ತಲುಪೋ ಹೊತ್ತಿಗೆ ಎಲ್ರೂ ಚಹಾ ಕುಡಿದು ಎದ್ದು ನಿಂತಿರೋರು. ದಿನವಿಡೀ ಹಂಗೇ. ನಂಗೆ ಕೂರೋಕೇ ಸಿಗ್ಲಿಲ್ಲ."

ಹವಾಮಾನ ವರದಿ ನಿನ್ನೆ ಸಂಜೆಗೆಂದಿದ್ದ ಬಿರುಗಾಳಿ ಮಧ್ಯಾಹ್ನಕ್ಕೇ ಬಂದುಬಿಟ್ಟಿತು. ಗುಂಪು ಬೆಟ್ಟದ ನೆತ್ತಿಯ ಬೋಳು ಏಣಿನ ಮೇಲಿತ್ತು. ಮೊದಲ ಸಲ ಬೆಟ್ಟ ಹತ್ತಿದ್ದ ಪಾಲೀನ್, ನಿವೃತ್ತ ಅಂಚೆ ನೌಕರೆ, ಬಂಡೆಯೊಂದನ್ನು ತಬ್ಬಿ ಕೂತುಬಿಟ್ಟರು.

"ನನ್ನ ಬಿಟ್ಟು ಹೋಗಿ. ನನ್ ಕೈಲಿ ಆಗಲ್ಲ."

ಮೆರೆಯಾನ ಸೀಟಿ ಊದಿ ಸಾಲು ನಿಲ್ಲಿಸಿದರು. ಗಾಳಿಗೆ ತಾವು ಅಡ್ಡವಾಗಿ ಪಾಲೀನ್‌ರಿಗೆ ಒತ್ತಿ ಕೂತರು. "ಬಿಟ್ಟೋಗೋಕೆ ನಂಗೂ ಆಸೆ ಕಣೇ. ಆದ್ರೆ ಚಹಾದ ಫ್ಲಾಸ್ಕು ನಿನ್ ಚೀಲದಲ್ಲಿದೆ."

ಪಾಲೀನ್ ಅಳುತ್ತಲೇ ನಕ್ಕರು.

ಮುಂದಾಳು ರಸೆಲ್ ತೆವಳಿಕೊಂಡು ಹಿಂದಕ್ಕೆ ಬಂದ. "ಮೆರೆ, ಉಳಿದೋರು ನಡುಗ್ತಿದಾರೆ. ಅವರನ್ನ ನಾನು ಕರ್ಕೊಂಡು ಹೋಗ್ತೀನಿ, ನೀವಿಬ್ರು ನಿಧಾನ ಬನ್ನಿ."

ಅವನ ಮಾತಿನಲ್ಲೂ ನ್ಯಾಯವಿತ್ತು. ನಿಂತಷ್ಟೂ ಚಳಿ ಮೂಳೆಗಿಳಿಯುತ್ತದೆ. ಆದರೂ ಮೆರೆಯಾನ ಒಪ್ಪಲಿಲ್ಲ. "ಈ ಮಂಜಲ್ಲಿ ಗುಂಪು ಒಡೆದ್ರೆ ಯಾರು ಎಲ್ಲಿ ಅಂತ ಹುಡುಕ್ತೀಯ? ಇವಳನ್ನ ನಿನ್ ಹಿಂದೇನೇ ನಡೆಸ್ಕೊಂಡು ಹೋಗು. ಇವಳ ಹೆಜ್ಜೆಗೆ ಎಲ್ರೂ ನಡೀಲಿ."

"ಕತ್ತಲಾಗತ್ತೆ."

"ಆಗ್ಲಿ. ಟಾರ್ಚ್ ಮತ್ಯಾಕೆ ಹೊತ್ಕೊಂಡ್ ಬಂದಿದೀವಿ?"

ಯಾರೋ ಗೊಣಗಿದರು. ಆದರೂ ಸಾಲು ಹಾಗೇ ಹೊರಟಿತು. ಪಾಲೀನ್ ರಸೆಲ್‌ನ ಚೀಲದ ಪಟ್ಟಿ ಹಿಡಿದರು. ಗಾಳಿ ಜೋರಾದಾಗ ಎಲ್ಲರೂ ಅಂಬೆಗಾಲಿಟ್ಟರು. "ಕೊನೇಲಿದ್ದ ನಂಗೆ ಅವಳು ಕಾಣ್ತಾನೇ ಇರ್ಲಿಲ್ಲ," ಎನ್ನುತ್ತಾರೆ ಮೆರೆಯಾನ. "ಭಯ ಆಗಿತ್ತು. ನನ್ ಮಾತು ತಪ್ಪಾಗಿದ್ರೆ ಎಲ್ರೂ ಒದ್ದಾಡಬೇಕಿತ್ತು." ಕತ್ತಲಾದ ಮೇಲೆ ತಂಗುಮನೆ ಸಿಕ್ಕಿತು. ಬಾಗಿಲು ತೆಗೆದವರು ಪಾಲೀನ್.

ಈಗ ಬೆಳಗಾಗಿ, ಅವರೇ ಎದ್ದು ಬಂದು ಒಲೆಯ ಮೇಲಿನ ಪಾತ್ರೆಯೊಳಗೆ ಇಣುಕುತ್ತಾರೆ. "ಇದೇನು ಮೆರೆ, ಗಂಜಿನೋ, ಗೋಡೆಗೆ ಬಳಿಯೋ ಗಾರೆನೋ?"

"ಹುಷಾರಾದೆ ಬಿಡು. ಬಾಯಿ ಬಂತು."

ಮಧ್ಯಾಹ್ನ ಮಳೆ ನಿಲ್ಲುತ್ತದೆ. ದಾರಿಯಲ್ಲಿ ದಾಟಬೇಕಾದ ಹೊಳೆಯ ನೀರು ಇಳಿಯುವವರೆಗೆ ಕಾದು ಗುಂಪು ಹೊರಡುತ್ತದೆ. ಪಾಲೀನ್ ಇವತ್ತು ಮುಂದೆ ಹೋಗಲೊಲ್ಲರು. ಮೆರೆಯಾನರ ಪಕ್ಕದಲ್ಲೇ ಇಳಿಯುತ್ತಾರೆ, ಜಾರುವ ಕಡೆ ತಾವೇ ಅವರ ಕೈ ಹಿಡಿಯುತ್ತಾರೆ.

ಚಳಿಗಾಲದಲ್ಲಿ ಮೆರೆಯಾನರ ಮಂಡಿಗೆ ಶಸ್ತ್ರಚಿಕಿತ್ಸೆ. ಆಗ ಸಾಲಿನ ಕೊನೆಗೆ ಬೇರೆ ಯಾರಾದರೂ ಬರಬೇಕು. ಎಂಥವರು ಬಂದರೆ ಚೆನ್ನ ಎಂದು ಕೇಳಿದರೆ, ಕೋಲೂರಿ ನಿಂತು ಉಸಿರು ತೆಗೆದುಕೊಳ್ಳುತ್ತಾರೆ.

"ನಿಧಾನ ನಡೆಯೋಕೆ ಬರೋರು. ಬೇಗ ನಡೆಯೋರು ಸಂಘದಲ್ಲಿ ಬೇಕಾದಷ್ಟು ಜನ ಇದಾರೆ."